ಆರಕ್ಕೊಂದು

ರಿವೇರಾದಲ್ಲಿ ಗಡಿ ಎಂದರೆ ಒಂದು ಬೀದಿ.
ಈಚೆ ಬದಿ ಉರುಗ್ವೆ, ಆಚೆ ಬದಿ ಬ್ರೆಜಿಲ್,
ನಡುವೆ ಬ್ರೆಡ್ಡು ಕಚ್ಚಿಕೊಂಡು ದಾಟುವ ನಾಯಿ.
ಬೇಲಿಯಿಲ್ಲ, ಕೇಳುವವರಿಲ್ಲ.
ಕರೆಂಟು ಮಾತ್ರ ಗಡಿಯನ್ನು ಮರೆಯುವುದಿಲ್ಲ:
ಅಲ್ಲಿ ಸೆಕೆಂಡಿಗೆ ಅರವತ್ತು ಸಲ ಮಿಡಿದರೆ
ಇಲ್ಲಿ ಐವತ್ತು.

ಆಚೆಯಿಂದ ತಂದ ಗೋಡೆ ಗಡಿಯಾರ
ಈಚೆಯ ಗೋಡೆಯಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ.
ನನ್ನ ಚಿಕ್ಕಮ್ಮ ಅದನ್ನೇ ನಂಬಿ
ಎರಡು ಬಸ್ಸು ತಪ್ಪಿಸಿಕೊಂಡಳು,
ಒಬ್ಬ ಗಂಡನ್ನೂ.

ವಿಲ್ದೆರ್ ಎಚೆವೆರಿಯ ರಿಪೇರಿ ಅಂಗಡಿಯಲ್ಲಿ
ಹದಿನೆಂಟಕ್ಕೆ ನಾನು ಬೆಸುಗೆ ಕಡ್ಡಿ ಹಿಡಿದೆ.
ಊರಿಗೆ ಊರೇ ಆಚೆಯ ಧಾರಾವಾಹಿಗೆ ಬಿದ್ದಿತ್ತು.
ಅದೋ, ಬಣ್ಣವನ್ನು ಬೀದಿಯಲ್ಲೇ ಬಿಟ್ಟು
ಬೂದಿಯಾಗಿ ಮನೆಯೊಳಗೆ ಬರುತ್ತಿತ್ತು,
ನಾಯಕಿಯ ಕಾಲು ಮೇಲೆ, ತಲೆ ಕೆಳಗೆ,
ಚಿತ್ರ ಉರುಳುರುಳಿ.
ಅರವತ್ತಕ್ಕೆ ಅರಳುಮರಳು ಅಂದರೆ ಇದೇ ಇರಬೇಕು.
ಪೋರ್ಚುಗೀಸಿನಲ್ಲಿ ಬೈದು
ಅದೇ ಉಸಿರಲ್ಲಿ ಸ್ಪ್ಯಾನಿಶ್‌ನಲ್ಲಿ ಸಾಲ ಕೇಳುವ
ನಮ್ಮ ನಾಲಿಗೆಗೆ ಯಂತ್ರ ಬೇಕಿರಲಿಲ್ಲ.
ಟೀವಿಗೆ ಬೇಕಿತ್ತು.

ಎರ್ಮಿನಿಯಾ ಬಂದದ್ದು ಜುಲೈನ ಚಳಿಯಲ್ಲಿ,
ಹೊಲಿಗೆಯವಳು, ತುಟಿಯಲ್ಲಿ ಗುಂಡುಸೂಜಿ.
ಬೇಕರಿ ಹುಡುಗ ಕೊಟ್ಟುಹೋದ ಕ್ಯಾಸೆಟ್ಟು:
ತಂಗಿ ನಾದಿರಳ ಐವತ್ತನೇ ಹುಟ್ಟುಹಬ್ಬ.
ತಂಗಿಯ ಮನೆ ಆಚೆ ಬದಿ, ಔಷಧಿ ಅಂಗಡಿಯ ಮೇಲೆ,
ನಮ್ಮ ಕಿಟಕಿಯಿಂದ ಅವಳ ಪರದೆ ಕಾಣುತ್ತದೆ.
ಹನ್ನೊಂದು ವರ್ಷದಿಂದ ಮಾತಿಲ್ಲ.
"ಉಟ್ಟಿರೋ ಬಟ್ಟೆ ಯಾವ ಬಣ್ಣ?
ನನಗೆ ಅಷ್ಟು ಗೊತ್ತಾದರೆ ಸಾಕು."

ಮೊಂತೆವಿದೆಯೊದಿಂದ ಎರವಲು ತಂದ ಯಂತ್ರ
ಸೂಟ್‌ಕೇಸಿನಷ್ಟು, ಮಗುವಿನಷ್ಟು ಬಿಸಿ.
ಅದರ ಕೆಲಸ ವಿಲ್ದೆರ್ ನನಗೆ ಹೇಳಿದ್ದು ಹೀಗೆ:
ಅರವತ್ತು ಬರುತ್ತೆ, ಐವತ್ತು ಹೋಗಬೇಕು,
ಆರಕ್ಕೊಂದನ್ನು ಬಿಟ್ಟುಬಿಡು, ಯಾರಿಗೂ ಕಾಣದ ಹಾಗೆ.
ಬಂದದ್ದು ಐನೂರ ಇಪ್ಪತ್ತೈದು ಗೆರೆ,
ಕೊಡಬೇಕಾದ್ದು ಆರುನೂರ ಇಪ್ಪತ್ತೈದು.
ಇಲ್ಲದ ನೂರು ಎಲ್ಲಿಂದ?
ಮೇಲಿನದನ್ನು ಕೇಳು, ಕೆಳಗಿನದನ್ನು ಕೇಳು,
ನಡುವಿನದನ್ನು ಊಹಿಸು.
ಚಾಡಿಕೋರರ ಕಸುಬು, ಅಂದೆ.
ನಕ್ಕ. ಮಾತೆ ಕಷಾಯದ ಬುರುಡೆ ನನ್ನತ್ತ ಸರಿಸಿದ.

ರಾತ್ರಿ ಎಂಟಕ್ಕೆ ಚಿತ್ರ ಕೂತಿತು.
ಕೇಕು. ಮೊಂಬತ್ತಿ. ಯಾರದೋ ಬೋಳುತಲೆ.
ಆಮೇಲೆ ನಾದಿರ್, ತುಸು ನಡುಗುತ್ತ,
ಇಷ್ಟಿಷ್ಟೇ ಎಡವುತ್ತ ಕುಣಿಯುತ್ತಿದ್ದಳು.
ಎಡವಿದ್ದು ಅವಳಲ್ಲ, ನಾವು ಬಿಟ್ಟ ಆರನೆಯದು.
ಮತ್ತೆ ಲಂಗ ತಿರುಗಿತು.

ಹಸಿರು.

"ನಾನು ಹೊಲಿದದ್ದೇ," ಅಂದಳು ಎರ್ಮಿನಿಯಾ, ನಿಧಾನ.
"ಆದರೆ ಇಷ್ಟು ಪೇಲವ ಇರಲಿಲ್ಲ. ಗಿಣಿ ಹಸಿರು. ಕಣ್ಣಿಗೆ ಚುಚ್ಚೋದು."

ವಿಲ್ದೆರ್ ವಿವರಿಸಲು ಹೊರಟ, ಅದು ಅವನ ಚಟ:
ಒಂದು ಗೆರೆ ಅತ್ತ ತಪ್ಪಿದರೆ ಮುಂದಿನದು ಇತ್ತ ತಪ್ಪುತ್ತೆ,
ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ
ಬಣ್ಣ ಸರಿಹೋಗುತ್ತೆ, ಕಾಂತಿ ಚೂರು ಇಳಿಯುತ್ತೆ.
ರಾಜಿಯಲ್ಲಿ ಯಾವಾಗಲೂ ಹಾಗೇ,
ಇದು ಯಂತ್ರದ ತಪ್ಪು ಅಮ್ಮಾ, ಬಟ್ಟೆಯದ್ದಲ್ಲ.

"ಅಲ್ಲ," ಅಂದಳು. "ಒಗೆದಿದ್ದಾಳೆ.
ಉಟ್ಟು ಉಟ್ಟು, ಒಗೆದು ಒಗೆದು."

ಇನ್ನೊಮ್ಮೆ ಹಾಕಿಸಿದಳು. ಮತ್ತೊಮ್ಮೆ.
ಮೂರನೇ ಸಲ ಪರದೆಗೆ ಮೂಗು ತಾಗಿಸಿ
ಕಂಕುಳ ಹತ್ತಿರ ಬೆರಳಿಟ್ಟಳು:
"ಇಲ್ಲಿ ಹೊಲಿಗೆ ಬಿಟ್ಟಿದೆ."
ಅದು ಹೊಲಿಗೆಯೋ, ನಾವು ಊಹಿಸಿದ ಗೆರೆಯೋ,
ವಿಲ್ದೆರ್ ಬಾಯಿ ತೆರೆದ. ಅವನ ಕಾಲು ತುಳಿದೆ.

ದುಡ್ಡು ಕೊಡಲಿಲ್ಲ. ಕ್ಯಾಸೆಟ್ಟೂ ಒಯ್ಯಲಿಲ್ಲ.
ಬಾಗಿಲಾಚೆ ಕಲ್ಲಂಚಿನಲ್ಲಿ ನಿಂತಳು,
ಚೀಲದಲ್ಲಿ ಏನೋ ತಡಕಾಡುತ್ತ,
ದಾರದುಂಡೆ ಇರಬಹುದು.
ನಾನು ಯಂತ್ರದ ವೈರು ಕಿತ್ತು
ತಲೆಯೆತ್ತುವಷ್ಟರಲ್ಲಿ
ಈಚೆ ಇದ್ದವಳು ಆಚೆ ಇದ್ದಳು.

ದಾಟಿದ್ದು ಕಾಣಲಿಲ್ಲ.